ತಲೆ ಎತ್ತುವ ಆಣೆ

ದುಬೈಯ ಕರಾಮ ಬಡಾವಣೆಯ ಮೂರನೆಯ ಮಹಡಿಯ ಆ ಮನೆಯಲ್ಲಿ ಸುಜಿತನ ಜಾರುಗಾಡಿಯನ್ನು ಯಾವ ಕಡೆಗೆ ಮುಖಮಾಡಿ ಇಡಬೇಕೆಂಬ ವಿವಾದ, ಅವನು ಆ ಆಟ ಹಿಡಿದ ವರ್ಷದಿಂದಲೂ ತೀರ್ಮಾನವಾಗದೆ ಉಳಿದಿತ್ತು. ಹಜಾರ ಕಿರಿದು. ಒಂದು ಗೋಡೆಗೆ ಸೋಫಾ, ಎದುರಿನ ಗೋಡೆಗೆ ಫ್ರಿಜ್ಜು ಮತ್ತು ಅಕ್ಕಿಯ ಡಬ್ಬಿಗಳು. ನಡುವಿನ ಜಾಗದಲ್ಲಿ ಗಾಡಿ ಉದ್ದಕ್ಕಷ್ಟೇ ಹಿಡಿಯುತ್ತಿತ್ತು. ಅದರ ಮುಂಭಾಗ ಒಂದೋ ಹೊರಬಾಗಿಲ ಕಡೆಗಿರಬೇಕು, ಇಲ್ಲವೆ ಅಡುಗೆಮನೆಯ ಕಡೆಗೆ. ಸುಜಿತ್ ಹೊರಬಾಗಿಲ ಕಡೆಗೆ ಇಡುತ್ತಿದ್ದ. ಅವನು ಕೆಲಸಕ್ಕೆ ಹೋದ ಮೇಲೆ ಅವನ ತಾಯಿ ಜಲಜಾಕ್ಷಿ ಅದನ್ನು ತಿರುಗಿಸಿಡುತ್ತಿದ್ದಳು.

“ಅಮ್ಮ, ಹೊರಗೆ ತೆಕ್ಕೊಂಡು ಹೋಗ್ಲಿಕ್ಕೆ ಸುಲಭ ಅಂತ ನಾನು ಹಾಗೆ ಇಡುವುದು.”

“ಕಾಲು ಮುಂದೆ ಮಾಡಿ ಮನೆಯಿಂದ ಹೊರಗೆ ತೆಕ್ಕೊಂಡು ಹೋಗುವುದು ಯಾರನ್ನು ಅಂತ ನಿನಗೆ ಗೊತ್ತುಂಟಲ್ಲ?”

“ಅದು ಬರೀ ಗಾಡಿ. ಅದರ ಮೇಲೆ ಯಾರೂ ಮಲಗಿಲ್ಲ.”

“ಮಲಗುವವನು ನೀನೇ ಅಲ್ವಾ?”

ಆಟದ ಹೆಸರು ಲೂಜ್. ಮಂಜುಗಡ್ಡೆಯ ಇಳಿಜಾರು ಕಾಲುವೆಯಲ್ಲಿ ಬೆನ್ನ ಮೇಲೆ ಮಲಗಿ, ಕೈಗಳನ್ನು ಮೈಗೆ ಸೇರಿಸಿ, ಕಾಲು ಮುಂದಾಗಿ ಇಳಿಯಬೇಕು. ಹಿಡಿಯಲು ಚುಕ್ಕಾಣಿ ಇಲ್ಲ, ತುಳಿಯಲು ಬ್ರೇಕ್ ಇಲ್ಲ. ಮೀನಖಂಡವನ್ನೂ ಹೆಗಲನ್ನೂ ಒತ್ತಿ ತಿರುಗಿಸಬೇಕು. ಮಂಜಿಲ್ಲದ ನಾಡಿನಲ್ಲಿ ಅಭ್ಯಾಸಕ್ಕೆ ಅಂಥದೇ ಗಾಡಿಗೆ ಚಕ್ರ ಹಾಕುತ್ತಾರೆ. ಊರಿನ ನೆಂಟರಿಗೆ ಹೆಸರು ಸರಿಯಾಗಿ ಕೇಳಿಸುತ್ತಿರಲಿಲ್ಲ. “ನಿಮ್ಮ ಕಿರಿಯವನು ಲೂಸಂತೆ, ಹೌದಾ?” ಎಂದು ಫೋನಿನಲ್ಲಿ ವಿಚಾರಿಸಿದವರಿಗೆ ಸುಜಿತನ ತಂದೆ ಪೂವಪ್ಪ, “ಹೌದು, ಸರ್ಟಿಫಿಕೇಟೂ ಉಂಟು” ಎಂದು ಉತ್ತರಿಸುತ್ತಿದ್ದ.

ಪೂವಪ್ಪ ಹಡಗುಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿ ನಿವೃತ್ತನಾದವನು. ಅವನ ದಾಸ್ತಾನಿನ ಲೆಕ್ಕದಲ್ಲಿ ಒಂದು ಮೊಳೆಯೂ ಹೆಚ್ಚುಕಡಿಮೆಯಾದದ್ದಿಲ್ಲವೆಂದು ಆಡಿಟರುಗಳು ಹೇಳುತ್ತಿದ್ದರು. ಈಗ ಅವನೂ ಜಲಜಾಕ್ಷಿಯೂ ಹಿರಿಯ ಮಗ ಸುಮಿತನ ವೀಸಾದ ಮೇಲೆ ಇದ್ದರು. ಸುಮಿತನಿಗೆ ಅಬುಧಾಬಿಯಲ್ಲಿ ಕೆಲಸ; ಗುರುವಾರ ಸಂಜೆ ಅಲ್ ಮೀನಾದ ಮಾರುಕಟ್ಟೆಯಿಂದ ಮೀನು ಹಿಡಿದುಕೊಂಡು ಮನೆಗೆ ಬರುತ್ತಿದ್ದ, ಶನಿವಾರ ಮರಳುತ್ತಿದ್ದ. ಉಳಿದ ದಿನ ಮನೆಯಲ್ಲಿ ಅವನ ಹೆಂಡತಿ ಅಮಿತಾ, ಒಂಬತ್ತನೆಯ ತರಗತಿಯ ಮಗಳು ಅಶ್ಮಿತಾ, ಮತ್ತು ಹಜಾರದ ಸೋಫಾದ ಮೇಲೆ ಮಲಗುವ ಸುಜಿತ್.

ಸುಜಿತ್ ಏ.ಸಿ. ದುರಸ್ತಿಯ ಕಂಪನಿಯೊಂದರಲ್ಲಿ ಎಸ್ಟಿಮೇಟರ್. ಪ್ರತಿ ಚಳಿಗಾಲವೂ ಸಂಬಳವಿಲ್ಲದ ರಜೆ ಹಾಕಿ ಯುರೋಪಿಗೆ ಹೋಗಿ, ಭಾರತದ ಅಂಗಿ ತೊಟ್ಟು ಲೂಜ್ ಓಟಗಳಲ್ಲಿ ಸ್ಪರ್ಧಿಸಿ ಬರುತ್ತಿದ್ದ. ಮೊದಲ ಸಲ ಹೊರಟಾಗ ಜಲಜಾಕ್ಷಿ ಬಾಗಿಲಿಗೆ ಅಡ್ಡ ನಿಂತಳು. ಅವಳು ಫೋಟೋ ನೋಡಿದ್ದಳು: ಕಣ್ಣು ಕಾಣದ ಶಿರಸ್ತ್ರಾಣ, ಅಲುಗದ ಕೈ, ಜೋಡಿಸಿಟ್ಟ ಪಾದ. ಅವಳ ತಂದೆಯನ್ನು ಅಂಗಳದಿಂದ ಒಯ್ದದ್ದು ಹಾಗೆಯೇ.

“ನನ್ನ ತಲೆ ಮುಟ್ಟಿ ಆಣೆ ಹಾಕು,” ಎಂದಳು. “ಒಂದೊಂದು ತಿರುವು ದಾಟಿದ ಮೇಲೆ ಒಮ್ಮೆ ತಲೆ ಎತ್ತಬೇಕು. ನೀನು ಕಳಿಸುವ ವಿಡಿಯೋದಲ್ಲಿ ನನಗೆ ಕಾಣ್ಬೇಕು. ಇಲ್ಲದಿದ್ರೆ ನೀನು ಹೋಗುವುದೇ ಬೇಡ.”

ವಿಮಾನಕ್ಕೆ ಹೊತ್ತಾಗಿತ್ತು. ಅವನು ತಾಯಿಯ ತಲೆ ಮುಟ್ಟಿದ.

ಅಂದಿನಿಂದ ಪ್ರತಿ ಚಳಿಗಾಲವೂ ಜಲಜಾಕ್ಷಿ ಮೊಮ್ಮಗಳ ಕಂಪ್ಯೂಟರಿನ ಮುಂದೆ ಸೌಟು ಹಿಡಿದೇ ನಿಂತು ಮಗನ ಓಟ ನೋಡಿದಳು. ತಿರುವು ಬರುತ್ತಿತ್ತು, ತಲೆ ಏಳುತ್ತಿತ್ತು. “ಹಾಂ, ಎತ್ತಿದ,” ಎನ್ನುತ್ತಿದ್ದಳು. ಕೊನೆಯ ತಿರುವಾದ ಮೇಲೆ ಅಡುಗೆಮನೆಗೆ ಮರಳುತ್ತಿದ್ದಳು. ಅವನು ಎಷ್ಟನೆಯವನಾದನೆಂದು ಎಂದೂ ಕೇಳಲಿಲ್ಲ.

ಕಳೆದ ಚಳಿಗಾಲ ಜರ್ಮನಿಯಲ್ಲಿ ನಡೆದ ಅರ್ಹತಾ ಓಟದಲ್ಲಿ, ದೊಡ್ಡ ಕೂಟದ ಪ್ರವೇಶ ಅವನಿಗೆ ಸ್ವಲ್ಪದರಲ್ಲಿ ತಪ್ಪಿತು. ಭುಜದ ನೋವು ಮೊದಲೇ ಇತ್ತು. ಅವನು ಓಟ ಬಿಟ್ಟ.

ಅಕ್ಟೋಬರಿನ ಒಂದು ಗುರುವಾರ, ಸುಮಿತ್ ತಂದ ಬಂಗುಡೆಯ ಪುಳಿಮುಂಚಿ ತಟ್ಟೆಗೆ ಬಿದ್ದ ಮೇಲೆ ಸುಜಿತ್ ವಿಷಯ ತೆಗೆದ. ದುಬೈಯ ಕ್ರೀಡಾ ಕ್ಲಬ್ಬೊಂದು ಮಕ್ಕಳಿಗೆ ಲೂಜ್ ಕಲಿಸಲು ಅವನನ್ನು ಕೇಳಿತ್ತು. ಅಲ್ ಐನ್ ಬೆಟ್ಟದ ಬುಡದಲ್ಲಿ ಒಂದು ಹಳೆಯ ಕ್ವಾರಿಯ ರಸ್ತೆ ಇತ್ತು. ಅಲ್ಲಿಗೆ ವಾಹನ ಬರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಪಾಠ. ಡಿಸೆಂಬರ್ ಕೊನೆಯೊಳಗೆ ಸಾಕಷ್ಟು ಮಕ್ಕಳು ಸೇರಿದರೆ ತರಗತಿ ಖಾಯಂ, ಅವನ ಕೋಚ್ ಕೆಲಸವೂ ಖಾಯಂ. ಇಲ್ಲದಿದ್ದರೆ ಎರಡೂ ಇಲ್ಲ.

“ಮೊದಲ ಹೆಸರು ಅಶ್ಮಿತಾಳದ್ದು ಬರೆಯುವಾ ಅಂತ,” ಎಂದ.

“ಯೆಸ್! ಪ್ಲೀಸ್, ಪ್ಲೀಸ್,” ಎಂದು ಅಶ್ಮಿತಾ ಕುರ್ಚಿಯಿಂದೆದ್ದಳು.

“ಮೊದಲು ಕೂತು ಮುಳ್ಳು ಬಿಡಿಸಿ ತಿನ್ನು,” ಎಂದಳು ಅಮಿತಾ. ಅತ್ತೆಯ ಮುಖ ನೋಡಿದಳು. “ಅತ್ತೆ ಹೂಂ ಅಂದ್ರೆ ನನ್ನದೇನೂ ಅಡ್ಡಿಯಿಲ್ಲ ಸುಜಿತ್.”

“ನನ್ನ ಮೇಲೆ ಯಾಕೆ ಹಾಕುತ್ತಿ? ನಿನಗೆ ಬೇಡ ಅಂತಿದ್ರೆ ನೀನೇ ಹೇಳು,” ಎಂದಳು ಜಲಜಾಕ್ಷಿ.

“ನನಗೆ ಬೇಕೋ ಬೇಡವೋ ಅಂತ ಈ ಮನೆಯಲ್ಲಿ ಯಾರು ಕೇಳಿದ್ದುಂಟು ಅತ್ತೆ?”

ಸುಮಿತ್ ತಲೆ ತಗ್ಗಿಸಿ ಮೀನಿನ ಮುಳ್ಳನ್ನು ಅಗತ್ಯಕ್ಕಿಂತ ಹೆಚ್ಚು ಗಮನದಿಂದ ಬಿಡಿಸಿದ. ಪೂವಪ್ಪ ಮಜ್ಜಿಗೆ ಬೇಕೆಂದ.

“ಒಬ್ಬನನ್ನು ಇಷ್ಟು ವರ್ಷ ಹಾಗೆ ಮಲಗಿಸಿ ನೋಡಿದ್ದೇನೆ,” ಎಂದು ಜಲಜಾಕ್ಷಿ ಮಜ್ಜಿಗೆಯ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟಳು. ಇಟ್ಟ ಸದ್ದಿಗೆ ಲೋಟ ಅಲುಗಿತು. “ಇನ್ನೊಬ್ಬಳನ್ನು ಮಲಗಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಖಲಾಸ್.”

“ಅಜ್ಜಿ, ಇಟ್ಸ್ ಸೇಫ್. ಹೆಲ್ಮೆಟ್ ಇರ್ತದೆ.”

“ನಿನಗೆ ಕಾಲು ಮುಂದೆ ಹೋಗುವ ಆಟವೇ ಆಗಬೇಕಾ? ಕೇರಂ ಇಲ್ವಾ?”

ಎರಡು ವಾರ ಈ ಮಾತು ಮುಂದೆ ಹೋಗಲಿಲ್ಲ. ಸುಜಿತ್ ಶುಕ್ರವಾರ ಒಬ್ಬನೇ ಹೋಗಿ ಕ್ವಾರಿ ರಸ್ತೆಯನ್ನು ಗುಡಿಸಿ ಬಂದ. ತಿರುವಿನ ಅಂಚಿಗೆ ಹಳೆಯ ಟೈರುಗಳನ್ನು ಜೋಡಿಸಿದ. ಬೂಟಿನಲ್ಲಿ ಮರಳು ತುಂಬಿಕೊಂಡು ಮನೆಗೆ ಬಂದಾಗ, ಜಲಜಾಕ್ಷಿ ಪೊರಕೆಯನ್ನು ಅವನ ಕೈಗೇ ಕೊಟ್ಟಳು.

ಕಟ್ಟಡದ ಕೆಳಗೆ ಶಾಹುಲ್ ಹಮೀದನ ಕಿರಾಣಿ ಅಂಗಡಿ. ಅವನು ಮಂಗಳೂರಿನ ಕಡೆಯವನು. ತೆಂಗಿನಕಾಯಿಯನ್ನು ಅಲುಗಿಸಿ ನೋಡಿ ಕೊಡುವಷ್ಟು ಪರಿಚಯ. ಒಂದು ದಿನ ಜಲಜಾಕ್ಷಿ ಬಂದಾಗ ಕಾಯಿ ಅಲುಗಿಸುತ್ತ ಕೇಳಿದ.

“ಅಮ್ಮ, ಸುಜಿತಣ್ಣ ನನ್ನ ಮಗಳು ರುಖಿಯಾಳನ್ನು ಗಾಡಿ ಕಲೀಲಿಕ್ಕೆ ಕೇಳಿದ್ರು. ಅವಳಿಗೂ ಭಾರಿ ಆಸೆ. ನಿಮ್ಮ ಅಶ್ಮಿತಾ ಹೋಗ್ತಾಳಲ್ಲ?”

“ಇಲ್ಲ.”

ಶಾಹುಲ್ ಹಮೀದ್ ಕಾಯಿಯನ್ನು ಕೆಳಗಿಟ್ಟ. “ಹಾಗಾದ್ರೆ ನಾನು ಹೇಗಮ್ಮ ಕಳಿಸುವುದು? ಕಲಿಸುವವರ ಮನೆಯ ಮಗುವೇ ಹೋಗದಿದ್ರೆ ಅದರಲ್ಲಿ ಎಂತದೋ ಅಪಾಯ ಉಂಟು ಅಂತ ಅಲ್ವಾ? ಎದುರಿನ ಬಿಲ್ಡಿಂಗಿನವರೂ ಹಾಗೆಯೇ ಹೇಳಿದ್ರು. ಸುಜಿತಣ್ಣನಿಗೆ ಹೇಳ್ಬೇಡಿ, ಬೇಸರ ಮಾಡಿಕೊಂಡಾರು.”

ಜಲಜಾಕ್ಷಿ ಕಾಯಿ ಬಿಟ್ಟು ಮನೆಗೆ ಬಂದಳು. ಆ ಮಧ್ಯಾಹ್ನದ ಪಲ್ಯಕ್ಕೆ ತೆಂಗಿನತುರಿ ಇರಲಿಲ್ಲ. ಶಾಲೆಯಿಂದ ಬಂದ ಮೊಮ್ಮಗಳನ್ನು ಅವಳು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಹೋಗು. ಆದ್ರೆ ನನ್ನ ತಲೆ ಮುಟ್ಟಿ ಆಣೆ ಹಾಕಬೇಕು. ಒಂದೊಂದು ತಿರುವಿಗೆ ಒಮ್ಮೆ ತಲೆ ಎತ್ತಬೇಕು. ಯಾರಿಗೂ ಹೇಳ್ಬೇಡ, ನಗ್ತಾರೆ.”

“ಅಷ್ಟೇ? ಪ್ರಾಮಿಸ್ ಅಜ್ಜಿ!”

“ಪ್ರಾಮಿಸ್ ಅಲ್ಲ. ಆಣೆ. ಅದನ್ನು ಹಾಕಿಸಿದವರೇ ಬಿಡಿಸ್ಬೇಕು.”

ಮುಂದಿನ ಶುಕ್ರವಾರ ಸುಮಿತನ ಕಾರು ತುಂಬಿ ಹೊರಟಿತು. ಅಶ್ಮಿತಾ, ರುಖಿಯಾ, ಎದುರಿನ ಕಟ್ಟಡದ ಮಕ್ಕಳಿಬ್ಬರು, ಮೊಣಕಾಲ ಮೇಲೆ ಸ್ಟಾಪ್‌ವಾಚಿನ ಪೆಟ್ಟಿಗೆ ಇಟ್ಟುಕೊಂಡ ಪೂವಪ್ಪ. ಸುಜಿತ್ ಗಾಡಿಗಳೊಂದಿಗೆ ಕ್ಲಬ್ಬಿನ ವ್ಯಾನಿನಲ್ಲಿ ಮೊದಲೇ ಹೋಗಿದ್ದ. ವೇಳೆ ನೋಡುವ ಕೆಲಸವನ್ನು ಪೂವಪ್ಪ ತಾನಾಗಿಯೇ ವಹಿಸಿಕೊಂಡಿದ್ದ. ಬೇರೆ ಯಾರಾದರೂ ಒತ್ತಿದರೆ ತಪ್ಪಾದೀತೆಂದು ಅವನಿಗೆ ಅನುಮಾನ.

ಸುಜಿತ್ ಒಳ್ಳೆಯ ಶಿಕ್ಷಕನೆಂಬುದು ಎಲ್ಲರಿಗೂ ಬೇಗನೆ ತಿಳಿಯಿತು. ಓಡುವಾಗ ಸಿಡುಕನಾಗಿದ್ದವನು ಕಲಿಸುವಾಗ ತಾಳ್ಮೆಯವನಾದ. ಮೀನಖಂಡ ಒತ್ತುವುದನ್ನು ಮಕ್ಕಳ ಕಾಲು ಹಿಡಿದು ತೋರಿಸಿದ. ಕೆಳಗೆ ತಲುಪಿದ ಮೇಲೆ ಎದ್ದು ಕೂತು, ಬೂಟಿನ ಅಟ್ಟೆಯನ್ನು ನೆಲಕ್ಕೆ ಊರಿ ನಿಲ್ಲಿಸುವುದನ್ನು ಹತ್ತಾರು ಸಲ ಮಾಡಿಸಿದ. ಅವನು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು.

“ತಲೆ ಎತ್ತಬಾರದು. ಮುಖಕ್ಕೆ ಗಾಳಿ ಬಡಿದ್ರೆ ವೇಗ ಹೋಯ್ತು. ದಾರಿಯನ್ನು ಕಣ್ಣಂಚಿನಲ್ಲೇ ನೋಡ್ಬೇಕು.”

ರುಖಿಯಾ ಎತ್ತಲಿಲ್ಲ. ಅಶ್ಮಿತಾ ಎತ್ತಿದಳು.

“ಅಶ್ಮಿತಾ, ತಲೆ!”

ಎರಡನೆಯ ಸಲವೂ ಎತ್ತಿದಳು. ಮೂರನೆಯ ಸಲ ಸುಜಿತ್ ತಿರುವಿಗೆ ಓಡಿಬಂದು ನಿಂತ.

“ಕಿವಿ ಕೇಳುವುದಿಲ್ವಾ ನಿನಗೆ? ತಿರುವು ಮುಗಿದ ಕೂಡಲೇ ಯಾಕೆ ಎತ್ತುವುದು? ಹೆದರಿಕೆಯಾ?”

“ನಾಟ್ ಹೆದರಿಕೆ.”

“ಮತ್ತೆ?”

“ಹೇಳ್ಲಿಕ್ಕಿಲ್ಲ. ಆಣೆ ಉಂಟು.”

ಸುಜಿತ್ ಬಗ್ಗಿದ. ಗಾಡಿಯ ಚಕ್ರದಿಂದ ಕಲ್ಲಿನ ಚೂರೊಂದನ್ನು ತೆಗೆದು ಎಸೆದ.

“ತಿರುವಿಗೊಂದು ಸಲವಾ?” ಎಂದು ಕೇಳಿದ.

“ನಿಮಗೆ ಹೇಗೆ ಗೊತ್ತು ಚಿಕ್ಕಪ್ಪ?”

“ಮೇಲೆ ಹೋಗು. ಇನ್ನೊಮ್ಮೆ ಬಾ.”

ಆಮೇಲೆ ಅವನು ಅವಳಿಗೆ ತಲೆಯ ಮಾತನ್ನು ಹೇಳಲಿಲ್ಲ. ಮಿಕ್ಕ ಮಕ್ಕಳಿಗೆ ಹೇಳುತ್ತಿದ್ದ, ಅವಳ ಸರದಿ ಬಂದಾಗ ಟೈರುಗಳ ಕಡೆ ನೋಡುತ್ತಿದ್ದ. ಪೂವಪ್ಪ ವೇಳೆ ಓದುತ್ತಿದ್ದ. ರುಖಿಯಾ ವಾರದಿಂದ ವಾರಕ್ಕೆ ಮುಂದೆ ಹೋದಳು, ಅಶ್ಮಿತಾ ಅಲ್ಲೇ ಉಳಿದಳು.

ಡಿಸೆಂಬರ್ ಬಂತು. ಮಕ್ಕಳ ಸಂಖ್ಯೆ ಸಾಕಷ್ಟಾಗಿ ತರಗತಿ ಖಾಯಂ ಆಗುವುದೆಂದು ಕ್ಲಬ್ಬಿನವರು ತಿಳಿಸಿದರು. ಕೊನೆಯ ಶುಕ್ರವಾರ ಪರೀಕ್ಷಾ ಓಟ; ಮುಂದಿರುವವರಿಗೆ ಆಸ್ಟ್ರಿಯಾದಲ್ಲಿ ನಿಜವಾದ ಮಂಜಿನ ಮೇಲೆ ಶಿಬಿರ. ಸುದ್ದಿ ಬಂದ ಗುರುವಾರ ಜಲಜಾಕ್ಷಿ ಪಾಯಸ ಮಾಡಿದಳು. ಅಶ್ಮಿತಾ ತಟ್ಟೆ ಮುಟ್ಟಲಿಲ್ಲ.

“ಎಂತ ಆಯ್ತು ಇವಳಿಗೆ?” ಎಂದಳು ಜಲಜಾಕ್ಷಿ.

“ರುಖಿಯಾ ಮುಂದೆ ಅಂತ ಹೊಟ್ಟೆಕಿಚ್ಚು,” ಎಂದಳು ಅಮಿತಾ. “ಅವಳು ನಿನಗಿಂತ ಚಿಕ್ಕವಳು, ನಾಚಿಕೆ ಆಗ್ಬೇಕು ನಿನಗೆ.”

“ನಾಟ್ ಫೇರ್!” ಅಶ್ಮಿತಾಳ ಕಣ್ಣು ತುಂಬಿತು. “ಅವಳಿಗೆ ಆಣೆ ಇಲ್ಲ. ನಾನು ತಿರುವಿಗೆಲ್ಲ ತಲೆ ಎತ್ತಬೇಕು. ಎತ್ತಿದ್ರೆ ಸ್ಲೋ ಆಗ್ತದೆ. ಚಿಕ್ಕಪ್ಪನೇ ಎಲ್ಲರಿಗೂ ಹೇಳುವುದು.”

ಸುಜಿತ್ ಬೇಗನೆ ಎಂದ: “ಅಮ್ಮ, ಪಾಯಸ ಇನ್ನೊಂಚೂರು ಹಾಕಿ.”

ಜಲಜಾಕ್ಷಿ ಸೌಟನ್ನು ಎತ್ತಲಿಲ್ಲ. “ತಲೆ ಎತ್ತಿದ್ರೆ ನಿಧಾನವಾ?” ಎಂದು ಮೊಮ್ಮಗಳನ್ನೇ ಕೇಳಿದಳು.

“ಎಲ್ಲರಿಗೂ ಗೊತ್ತು ಅಜ್ಜಿ.”

“ನನಗೆ ಗೊತ್ತಿರಲಿಲ್ಲ.” ಅವಳು ಮಗನ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತಾ?”

“ಅಮ್ಮ, ಅದೆಲ್ಲ ಈಗ ಯಾಕೆ?”

“ಗೊತ್ತಿತ್ತಾ ಅಂತ ಕೇಳಿದೆ.”

“ಗೊತ್ತಿತ್ತು. ಆದ್ರೆ ನನ್ನ ಮುಂದೆ ಇದ್ದವರು ನನಗಿಂತ ಗಟ್ಟಿಗರಮ್ಮ. ತಲೆ ಎತ್ತಿದ್ದರಿಂದ ನಾನು ಸೋತದ್ದಲ್ಲ.”

“ಹೇಳಿದ್ರೆ ಬಿಡಿಸ್ತಿದ್ದೆನಲ್ಲ ನಾನು?”

“ಬಿಡಿಸಿದ್ರೆ ನೀವು ಆಮೇಲೆ ನನ್ನ ಓಟ ನೋಡ್ತಿರ್ಲಿಲ್ಲ.”

ಜಲಜಾಕ್ಷಿ ಪಾಯಸ ಬಡಿಸಿದಳು. ಎಲ್ಲರಿಗೂ ಬಡಿಸಿ, ತನ್ನ ತಟ್ಟೆಗೆ ಹಾಕಿಕೊಳ್ಳದೆ ಪಾತ್ರೆ ಮುಚ್ಚಿದಳು.

ಆ ವಾರದ ಅಡುಗೆ ಕೆಟ್ಟಿತು. ಒಂದು ದಿನ ಸಾರಿಗೆ ಉಪ್ಪಿಲ್ಲ. ಇನ್ನೊಂದು ದಿನ ನೀರುದೋಸೆ ಕಾವಲಿಯಿಂದ ಏಳಲಿಲ್ಲ. ಅಮಿತಾ, “ಅತ್ತೆ, ನೀವು ಕೂತುಕೊಳ್ಳಿ, ನಾನು ಮಾಡ್ತೇನೆ” ಎಂದು ಸೌಟು ತೆಗೆದುಕೊಂಡಳು. ಆ ಅಡುಗೆಮನೆಯಲ್ಲಿ ಅತ್ತೆ ಸೌಟನ್ನು ವಾದವಿಲ್ಲದೆ ಬಿಟ್ಟುಕೊಟ್ಟದ್ದು ಅದೇ ಮೊದಲು. ಅಮಿತಾ ಗಂಡನಿಗೆ ಫೋನ್ ಮಾಡಿ, “ಅತ್ತೆಗೆ ಹುಷಾರಿಲ್ಲ ಅಂತ ಕಾಣ್ತದೆ” ಎಂದಳು.

ಬಟ್ಟೆ ಮಡಚುವ ಹೊತ್ತಿನಲ್ಲಿ ಜಲಜಾಕ್ಷಿ ಪೂವಪ್ಪನನ್ನು ಕೇಳಿದಳು.

“ಜರ್ಮನಿಯಲ್ಲಿ ಅವನಿಗೆ ಎಷ್ಟು ಕಮ್ಮಿಯಾದದ್ದು?”

“ಈಗ ಯಾಕೆ ಮಾರಾಯ್ತಿ ಅದು?”

“ನಿಮಗೆ ಲೆಕ್ಕ ಗೊತ್ತಿರ್ತದಲ್ಲ. ಹೇಳಿ.”

ಪೂವಪ್ಪ ಬನಿಯನ್ನನ್ನು ನಾಲ್ಕಾಗಿ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ರೆಪ್ಪೆ ಬಡಿಯುವಷ್ಟು.”

“ತಲೆ ಎತ್ತಿ ಇಳಿಸುವುದರಿಂದ ಅಷ್ಟು ಹೋಗ್ತದಾ?”

“ಹಾಗೆ ಹೇಳ್ಲಿಕ್ಕೆ ಬರುವುದಿಲ್ಲ.”

“ಯಾವುದಕ್ಕೂ ಲೆಕ್ಕ ಕೊಡುವವರು ಇದಕ್ಕೊಂದು ಬರುವುದಿಲ್ಲ ಅಂದ್ರೆ ಹೇಗೆ?”

“ಅವನು ತಲೆ ಎತ್ತದೆ ಒಮ್ಮೆಯಾದ್ರೂ ಇಳಿದಿದ್ರೆ ಹೋಲಿಸಬಹುದಿತ್ತು. ಇಳಿದೇ ಇಲ್ಲ. ಒಂದೇ ಅಂಕಿ ಇಟ್ಟುಕೊಂಡು ಕಳೆಯುವುದು ಹೇಗೆ?”

ಪರೀಕ್ಷೆಯ ಶುಕ್ರವಾರ ಜಲಜಾಕ್ಷಿ ನಸುಕಿನಲ್ಲೇ ಎದ್ದು ಸಜ್ಜಿಗೆ ಮಾಡಿ, ಬಜಿಲು ಅಂದರೆ ಒಗ್ಗರಣೆಯ ಅವಲಕ್ಕಿ ಕಲಸಿ, ಎರಡನ್ನೂ ಬೇರೆ ಬೇರೆ ಡಬ್ಬಿಗೆ ತುಂಬಿ, ಸೀರೆ ಉಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಕ್ವಾರಿ ರಸ್ತೆಗೆ ಅವಳು ಹಿಂದೆಂದೂ ಬಂದವಳಲ್ಲ.

“ಅಮ್ಮ, ನೀವೂ ಬರುವುದಾ?” ಎಂದ ಸುಮಿತ್.

“ಮತ್ತೆ ಸಜ್ಜಿಗೆ ಒಂದೇ ಬರ್ತದಾ? ಯಲ್ಲಾ, ಹೊರಡು, ಬಿಡು ಕಾರು.”

ಬೆಟ್ಟದ ಬುಡದಲ್ಲಿ ಗಾಳಿ ತಣ್ಣಗಿತ್ತು. ಸುಜಿತ್ ತಾಯಿಗೆ ಕೆಳಗೆ ಕುರ್ಚಿ ಹಾಕಿದ. ಅವಳು ಅದರಲ್ಲಿ ಕೂರದೆ, ಮೊದಲ ತಿರುವಿನ ಟೈರುಗಳ ಹಿಂದೆ ಹೋಗಿ ನಿಂತಳು. ಕಳೆದ ರಾತ್ರಿಯೇ ಮೊಮ್ಮಗಳಿಗೆ ಆಣೆ ಬಿಟ್ಟೆನೆಂದು ಹೇಳಿದ್ದಳು. ಆದರೆ ಅಭ್ಯಾಸದ ಓಟದಲ್ಲಿ ಅಶ್ಮಿತಾಳ ಕುತ್ತಿಗೆ ರೂಢಿಯಂತೆ ತಾನಾಗಿ ಎದ್ದಿತು.

“ಮನೆಯಲ್ಲಿ ಬಿಟ್ಟದ್ದು ಇಲ್ಲಿಗೆ ಮುಟ್ಟಿಲ್ಲ,” ಎಂದಳು ಜಲಜಾಕ್ಷಿ.

ಪರೀಕ್ಷೆಯಲ್ಲಿ ಅಶ್ಮಿತಾಳ ಸರದಿ ಬಂತು. ಚಕ್ರದ ಸದ್ದು ಮೇಲಿನಿಂದ ಇಳಿದುಬಂತು. ಪಾದ ಮೊದಲು ಕಂಡಿತು, ಜೋಡಿಸಿದ ಪಾದ. ಆಮೇಲೆ ಅಲುಗದ ಮೈ. ಜಲಜಾಕ್ಷಿ ಟೈರು ಹಿಡಿದುಕೊಂಡು ಕೂಗಿದಳು.

“ಅಶ್ಮಿತಾ! ಆಣೆ ಬಿಟ್ಟೆ! ತಲೆ ಇಳಿಸು ಮಗಾ!”

ಏಳಲಿದ್ದ ತಲೆ ಹಾಗೇ ನಿಂತಿತು. ಗಾಡಿ ತಿರುವು ದಾಟಿ ಕೆಳಗೆ ಹೋಯಿತು.

“ಅಮ್ಮ, ಕೋಚ್ ನಾನು,” ಎಂದ ಕೆಳಗಿನಿಂದ ಸುಜಿತ್.

“ನೀನು ಹೇಳಿದ್ರೆ ಕೇಳಿದ್ಲಾ ಅವಳು?”

ಪೂವಪ್ಪ ವೇಳೆ ಓದಿದ. ರುಖಿಯಾ ಮೊದಲನೆಯವಳು, ಅಶ್ಮಿತಾ ಎರಡನೆಯವಳು, ಶಿಬಿರಕ್ಕೆ ಇಬ್ಬರೂ. ರುಖಿಯಾಳೇ ಮೊದಲು ಕಿರುಚಿದಳು. ಅಮಿತಾಳಿಗೆ ಫೋನ್ ಹೋಯಿತು, ಶಾಹುಲ್ ಹಮೀದನಿಗೂ ಹೋಯಿತು.

ಮಕ್ಕಳು ನೀರು ಕುಡಿಯುತ್ತಿರುವಾಗ ಜಲಜಾಕ್ಷಿ ಕೆಳಗಿಳಿದು ಮಗನ ಎದುರಿಗೆ ನಿಂತಳು.

“ನಿನ್ನದೂ ಬಿಟ್ಟೆ.”

“ನಾನು ಓಟ ಬಿಟ್ಟಾಯ್ತಲ್ಲಮ್ಮ.”

“ಆಣೆ ಬಿಡಿಸದೆ ಉಳಿಯಬಾರದು. ಒಮ್ಮೆ ಇಳಿ. ತಲೆ ಎತ್ತದೆ ಇಳಿ. ನಾನು ಅಲ್ಲೇ ನಿಂತು ನೋಡ್ತೇನೆ.” ಗಂಡನ ಕಡೆ ತಿರುಗಿದಳು. “ನೀವು ವೇಳೆ ನೋಡಿ. ಎತ್ತಿ ಇಳಿದದ್ದು ನಿಮಗೆ ಗೊತ್ತುಂಟು. ಈಗ ಇನ್ನೊಂದು ಅಂಕಿ ಸಿಗ್ತದೆ. ಕಳೆದು ಹೇಳಿ ನನಗೆ.”

ಈ ರಸ್ತೆಯಲ್ಲಿ ಸುಜಿತ್ ಪಾಠ ಮುಗಿದ ಮೇಲೆ ಹಲವು ಸಲ ಇಳಿದಿದ್ದ, ರೂಢಿಯಂತೆ ತಲೆ ಎತ್ತಿಯೇ ಇಳಿದಿದ್ದ; ಪೂವಪ್ಪ ಆ ವೇಳೆಯನ್ನೂ ಬರೆದಿಟ್ಟಿದ್ದ. ಸುಜಿತ್ ತಂದೆಯ ಮುಖ ನೋಡಿದ. ಪೂವಪ್ಪ ಸ್ಟಾಪ್‌ವಾಚನ್ನು ಅಂಗಿಯ ಅಂಚಿಗೆ ಒರೆಸುತ್ತಿದ್ದ. ಸುಜಿತ್ ಗಾಡಿಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆ ಹತ್ತಿದ. ಜಲಜಾಕ್ಷಿ ತಿರುವಿಗೆ ಮರಳಿದಳು.

ಅವನು ಬಂದ. ಮೈ ನೇರವಾಗಿತ್ತು, ತಲೆ ಹಿಂದಕ್ಕೆ ಒರಗಿತ್ತು. ತಿರುವು ಬಂತು, ಹೋಯಿತು, ತಲೆ ಏಳಲಿಲ್ಲ. ಜಲಜಾಕ್ಷಿ ಕಣ್ಣು ಮುಚ್ಚಲಿಲ್ಲ. ಎರಡನೆಯ ತಿರುವಿನಲ್ಲೂ ಏಳಲಿಲ್ಲ. ಅವಳು ಟೈರುಗಳನ್ನು ದಾಟಿ ರಸ್ತೆಯ ನಡುವೆ ಬಂದು ನಿಂತಳು. ಕೆಳಗೆ ಗಾಡಿ ಸಮನೆಲ ಮುಟ್ಟಿತು. ಸುಜಿತ್ ಎದ್ದು ಕೂತು, ಬೂಟು ಊರಿ ನಿಲ್ಲಿಸಿ, ಹಿಂದಕ್ಕೆ ತಿರುಗಿ ಕೈ ಎತ್ತಿದ.

“ಸೂಪರ್ ಫಾಸ್ಟ್ ಚಿಕ್ಕಪ್ಪ!” ಎಂದು ಅಶ್ಮಿತಾ ಓಡಿದಳು.

ಜಲಜಾಕ್ಷಿ ಸೆರಗು ಸರಿಮಾಡಿಕೊಂಡು ಇಳಿದುಬಂದು ಗಂಡನ ಮುಂದೆ ನಿಂತಳು.

“ಹೇಳಿ.”

ಪೂವಪ್ಪ ಅಂಗೈ ತೆರೆದು ತೋರಿಸಿದ. ಸ್ಟಾಪ್‌ವಾಚಿನಲ್ಲಿ ಸೊನ್ನೆಗಳ ಸಾಲು ಇತ್ತು.

“ಒತ್ತಲಿಕ್ಕೆ ಮರೆತುಹೋಯ್ತು,” ಎಂದ.

“ನೀವಾ? ಮರೆತದ್ದಾ?”

“ವಯಸ್ಸಾಯ್ತಲ್ಲ.”

ಅವಳು ಸೊನ್ನೆಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಸುಜಿತ್ ಗಾಡಿ ಎಳೆದುಕೊಂಡು ಹತ್ತಿರ ಬಂದಿದ್ದ.

“ಇನ್ನೊಮ್ಮೆ ಇಳಿಯಬೇಕಾ ಅಮ್ಮ?”

“ಬೇಡ,” ಎಂದಳು ಜಲಜಾಕ್ಷಿ. ಡಬ್ಬಿಯ ಮುಚ್ಚಳ ತೆಗೆದು, ಸಜ್ಜಿಗೆಯ ಮೇಲೆ ಬಜಿಲು ಉದುರಿಸಿ ಮೊದಲ ತಟ್ಟೆಯನ್ನು ಪೂವಪ್ಪನ ಕೈಗೆ ಕೊಟ್ಟಳು. “ಎಲ್ಲರೂ ಬನ್ನಿ. ತಣಿದುಹೋಗ್ತದೆ.”